ಇಳಿದದ್ದಕ್ಕೆ ಯಾವ ಸೆಕ್ಷನ್?

ನನಗೆ ವಿಮಾನ ಹಾರಿಸುವ ಲೈಸೆನ್ಸ್ ಸಿಕ್ಕಿದ್ದು ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ. ಅದು ಖಾಸಗಿ ಲೈಸೆನ್ಸು. ಅದನ್ನಿಟ್ಟುಕೊಂಡು ಸಂಬಳಕ್ಕೆ ಹಾರಿಸುವಂತಿಲ್ಲ, ಸ್ವಂತ ಖುಷಿಗೆ ಹಾರಬಹುದು ಅಷ್ಟೆ. ಆಗ ನಾನು ಬೆಂಗಳೂರಿನ ಒಂದು ಹೆಣ್ಣುಮಕ್ಕಳ ಕಾಲೇಜಿನಲ್ಲಿ ಗಣಿತ ಹೇಳಿಕೊಡುತ್ತಿದ್ದೆ. ವಾರದಲ್ಲಿ ಎರಡು ದಿನ ಬೆಳಗ್ಗೆ ಬೇಗ ಎದ್ದು, ಊರ ಹೊರಗಿನ ಫ್ಲೈಯಿಂಗ್ ಕ್ಲಬ್ಬಿಗೆ ಬಸ್ಸಿನಲ್ಲಿ ಹೋಗಿ, ಹಾರಿ ಬಂದು, ಸೀರೆ ಬದಲಿಸಿಕೊಂಡು ಪಾಠಕ್ಕೆ ನಿಲ್ಲುತ್ತಿದ್ದೆ. ಎಳೆಯರು ಹಾರಾಟ ಕಲಿಯಲಿ ಎಂದು ಸರ್ಕಾರ ರಿಯಾಯಿತಿ ಕೊಡುತ್ತಿದ್ದ ಕಾಲ ಅದು. ಅದಿಲ್ಲದಿದ್ದರೆ ನನ್ನಂಥವಳಿಗೆ ಆ ಹವ್ಯಾಸ ಎಟುಕುತ್ತಿರಲಿಲ್ಲ.

ಕ್ಲಬ್ಬಿನಲ್ಲಿ ನನಗೆ ಕಲಿಸಿದವರು ವಾಯುಪಡೆಯಿಂದ ನಿವೃತ್ತರಾದ ಒಬ್ಬ ಹಿರಿಯರು. ನಾನು ಮೊದಲ ಸಲ ಒಬ್ಬಳೇ ದೂರದ ಹಾರಾಟಕ್ಕೆ, ಅಂದರೆ ಹುಬ್ಬಳ್ಳಿಯವರೆಗೆ, ಹೊರಡುವ ಹಿಂದಿನ ದಿನ ಅವರು ನನ್ನನ್ನು ಹ್ಯಾಂಗರಿನ ಪಕ್ಕದ ಬೆಂಚಿನ ಮೇಲೆ ಕೂರಿಸಿಕೊಂಡರು.

“ಎಂಜಿನ್ ಕೈಕೊಟ್ಟರೆ ಹೇಗೆ ಇಳೀಬೇಕು ಅಂತ ನಿನಗೆ ಹೇಳಿಕೊಟ್ಟಾಗಿದೆ. ಇಳಿದ ಮೇಲೆ ಏನು ಮಾಡಬೇಕು ಅಂತ ಯಾರೂ ಹೇಳಿಕೊಡಲ್ಲ. ಮೊದಲು ಜನ ಬರ್ತಾರೆ, ಆಮೇಲೆ ಪೊಲೀಸರು ಬರ್ತಾರೆ” ಎಂದರು.

ಅವರು ತಮ್ಮ ಕಾಲದಲ್ಲಿ ಯಾವುದೋ ಕಬ್ಬಿನ ಗದ್ದೆಯಲ್ಲಿ ಇಳಿದು, ಮಾತಿಗೆ ಮಾತು ಬೆಳೆಸಿ, ಒಂದು ಹಗಲು ಪೂರ್ತಿ ಲಾಕಪ್ಪಿನಲ್ಲಿ ಕೂತಿದ್ದವರು. ಆ ಅನುಭವದಿಂದ ಹೇಳಿದರು. ಇಳಿದ ಕೂಡಲೇ ಹತ್ತಿರದ ಠಾಣೆಗೆ ನೀನೇ ಹೇಳಿಕಳಿಸು. ಅದು ನಿನ್ನ ಕರ್ತವ್ಯ, ನಿನಗೆ ರಕ್ಷಣೆಯೂ ಅದೇ. ಲೈಸೆನ್ಸ್ ಕೇಳಿದರೆ ತೋರಿಸಲೇಬೇಕು. ಆದರೆ ತೋರಿಸುವುದೇ ಬೇರೆ, ಒಪ್ಪಿಸುವುದೇ ಬೇರೆ. ಏನನ್ನಾದರೂ ವಶಕ್ಕೆ ತಗೊಂಡರೆ ಬರೆಸಿಕೋ. ಓದದೆ ಸಹಿ ಹಾಕಬೇಡ. ಬಾ ಠಾಣೆಗೆ ಅಂದರೆ, ಅರೆಸ್ಟ್ ಮಾಡ್ತಾ ಇದೀರಾ, ಯಾವ ಕಾರಣಕ್ಕೆ ಅಂತ ಕೇಳು. ಹಿಡಿದವರನ್ನು ಒಂದು ದಿನದೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು ಅಂತ ಸಂವಿಧಾನದಲ್ಲೇ ಇದೆ. ಹೆಂಗಸರ ಮೈ ತಪಾಸಣೆಯನ್ನು ಹೆಂಗಸರೇ ಮಾಡಬೇಕು.

“ಇದೆಲ್ಲ ಮರ್ಯಾದೆಯಿಂದ ಕೇಳು. ದನಿ ಏರಿಸಿದೆಯೋ, ಕಾನೂನು ನಿನ್ನ ಕಡೆ ಇದ್ದೂ ಪ್ರಯೋಜನ ಆಗಲ್ಲ” ಎಂದು ಎದ್ದುಹೋದರು. ನನಗೆ ನಗು ಬಂದಿತ್ತು. ಗಾಳಿ, ಮೋಡ, ಪೆಟ್ರೋಲು ಇವುಗಳ ಭಯ ಬಿಟ್ಟು ಇವರು ಪೊಲೀಸರ ಭಯ ಹೇಳುತ್ತಾರಲ್ಲ ಅನ್ನಿಸಿತ್ತು.

ಡಿಸೆಂಬರಿನ ಬೆಳಗು. ಬಟ್ಟೆ ಹೊದಿಸಿದ ರೆಕ್ಕೆಗಳ ಎರಡು ಸೀಟಿನ ಪುಟ್ಟ ವಿಮಾನ. ತುಮಕೂರು ದಾಟಿ, ಹಿರಿಯೂರಿನ ಮೇಲೆ ಹಾದು, ಎಡಕ್ಕೆ ಮಾರಿಕಣಿವೆ ಅಣೆಕಟ್ಟಿನ ನೀರು ತಗಡಿನ ಹಾಗೆ ಹೊಳೆಯುವುದನ್ನು ನೋಡುತ್ತ ಚಿತ್ರದುರ್ಗದ ಕಡೆ ಹೋದೆ. ಜೋಗಿಮಟ್ಟಿಯ ಮೇಲೆ ಮೋಡ ಕೂತಿತ್ತು. ಗುಡ್ಡವೇ ಕಾಣಿಸುತ್ತಿರಲಿಲ್ಲ. ಅದರೊಳಗೆ ನುಗ್ಗುವ ಧೈರ್ಯವೂ ಅಪ್ಪಣೆಯೂ ನನಗಿರಲಿಲ್ಲ. ಹೊಳಲ್ಕೆರೆಯ ಕಡೆ ತಿರುಗಿ ರೈಲುಹಳಿಯನ್ನು ಹಿಡಿದರೆ, ಅದನ್ನೇ ನೋಡುತ್ತ ದಾವಣಗೆರೆ ಸೇರಬಹುದು ಎಂದು ಲೆಕ್ಕ ಹಾಕಿ ತಿರುಗಿದೆ. ಹಳಿ ಸಿಕ್ಕಿತು. ನಿಟ್ಟುಸಿರು ಬಿಡುವಷ್ಟರಲ್ಲಿ ಎಂಜಿನ್ನಿನ ಎಣ್ಣೆಯ ಒತ್ತಡ ತೋರಿಸುವ ಮುಳ್ಳು ಕೆಳಗಿಳಿಯತೊಡಗಿತು.

ಮುಳ್ಳು ಸುಳ್ಳು ಹೇಳುತ್ತಿದೆಯೇನೋ ಎಂದು ಗಾಜಿನ ಮೇಲೆ ಬೆರಳಿಂದ ತಟ್ಟಿದೆ. ಅದು ಇನ್ನೂ ಇಳಿಯಿತು. ಎಣ್ಣೆ ಇಲ್ಲದೆ ಎಂಜಿನ್ ಬಹಳ ಹೊತ್ತು ತಿರುಗುವುದಿಲ್ಲ. ಅದು ನಿಲ್ಲುವ ಮೊದಲೇ, ನನ್ನ ಕೈಯಲ್ಲಿ ಹಿಡಿತ ಇರುವಾಗಲೇ ಇಳಿದುಬಿಡುವುದು ಮೇಲು. ಹೊಳಲ್ಕೆರೆಗೂ ಹೊಸದುರ್ಗಕ್ಕೂ ನಡುವೆ, ಹಳಿಯಿಂದ ತುಸು ದೂರದಲ್ಲಿ, ಶೇಂಗಾ ಕಿತ್ತು ಬಯಲಾಗಿದ್ದ ಒಂದು ಉದ್ದನೆಯ ಹೊಲ ಕಂಡಿತು. ಅದರ ತುಂಬ ಬಿಳಿ ಕರಿ ಚುಕ್ಕೆಗಳು. ಕುರಿಗಳೆಂದು ತಿಳಿಯಲು ಇನ್ನಷ್ಟು ಕೆಳಗೆ ಬರಬೇಕಾಯಿತು. ಒಮ್ಮೆ ಅವುಗಳ ಮೇಲೆ ತಗ್ಗಿನಲ್ಲಿ ಹಾದು ಚದುರಿಸಿ, ಸುತ್ತಿ ಬಂದು ಇಳಿದೆ. ಚಕ್ರಗಳು ಸಾಲಿನ ಮೇಲೆ ಕುಪ್ಪಳಿಸಿದವು, ಹಲ್ಲು ಕಟಕಟ ಅಂದಿತು, ಬದುವಿಗೆ ಇನ್ನೂ ಸಾಕಷ್ಟು ದೂರ ಇರುವಾಗಲೇ ನಿಂತಿತು. ಎಂಜಿನ್ ಆರಿಸಿದ ಮೇಲೆ ಬಂದ ಆ ಮೌನ ನನಗೆ ಇವತ್ತಿಗೂ ನೆನಪಿದೆ.

ಮೊದಲು ಓಡಿಬಂದದ್ದು ಕುರಿಗಳ ಒಡತಿ. ಅರವತ್ತರ ಆಸುಪಾಸಿನ ಗಟ್ಟಿ ಹೆಂಗಸು, ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು.

“ಯಾವನಲೇ ಅವನು! ನನ್ನ ಕುರಿ ದಿಕ್ಕಾಪಾಲು ಮಾಡ್ದಲ್ಲೋ! ಗಬ್ಬದ ಕುರಿ ಅದಾವೆ, ಕಣ್ಣು ಕಾಣಂಗಿಲ್ವೇನೋ?” ಎಂದು ಕೋಲು ಎತ್ತಿಕೊಂಡೇ ಬಂದಳು.

ನಾನು ಪ್ಯಾಂಟು ಶರಟು ತೊಟ್ಟಿದ್ದೆ. ಕೆಳಗಿಳಿದು ಟೋಪಿ ತೆಗೆದಾಗ ಜಡೆ ಬೆನ್ನ ಮೇಲೆ ಬಿತ್ತು. ಅಜ್ಜಿಯ ಕೋಲು ಅರ್ಧದಲ್ಲೇ ನಿಂತಿತು.

“ಅಯ್ಯ! ಹೆಣ್ಣುಮಗಳು ಕಣ್ರೋ!” ಎಂದು ಹಿಂದಿದ್ದವರಿಗೆ ಕೂಗಿ ಹೇಳಿ, ನನ್ನ ಕಡೆ ತಿರುಗಿ, “ಎಲ್ಲಾರ ಪೆಟ್ಟಾತೇನವ್ವ?” ಎಂದಳು.

“ಇಲ್ಲ ಅಜ್ಜಿ. ಎಂಜಿನ್ ಕೆಟ್ಟಿತು. ನಿಮ್ಮ ಕುರಿಗಳಿಗೆ ಹೆದರಿಕೆ ಆಯಿತು, ತಪ್ಪು ತಿಳಿಯಬೇಡಿ.”

“ಕುರಿ ಹೋಗ್ಲಿ ಬಿಡು. ನೀನು ಕುಂತ್ಕ. ಮಕ ನೋಡು ಹೆಂಗಾಗೈತೆ.”

ಅಷ್ಟರಲ್ಲಿ ಹಳ್ಳಿಯೇ ಹೊಲಕ್ಕೆ ಬಂದಿತ್ತು. ಬೆಂಚಿನ ಮೇಲೆ ಕೇಳಿದ ಮಾತುಗಳು ಒಂದೊಂದಾಗಿ ನೆನಪಾದವು. ಎರಡು ಚೀಟಿ ಬರೆದೆ. ಒಂದು ಠಾಣೆಗೆ: ಇಂಥವಳು, ಇಲ್ಲಿಂದ ಹೊರಟು, ಇಲ್ಲಿಗೆ ಹೋಗುವಾಗ ಎಂಜಿನ್ ತೊಂದರೆಯಿಂದ ಈ ಹೊಲದಲ್ಲಿ ಇಳಿದಿದ್ದೇನೆ, ಯಾರಿಗೂ ಪೆಟ್ಟಾಗಿಲ್ಲ, ವಿಮಾನಕ್ಕೆ ಕಾವಲು ಬೇಕು ಎಂದು. ಇನ್ನೊಂದು ರೈಲು ಸ್ಟೇಷನ್ನಿಗೆ, ಕ್ಲಬ್ಬಿಗೆ ತಂತಿ ಕಳಿಸಬೇಕೆಂದು. ಅಜ್ಜಿಯ ದೊಡ್ಡ ಮಗ ಎರಡನ್ನೂ ಇಸಿದುಕೊಂಡು ಸೈಕಲ್ ಹತ್ತಿದ. ಠಾಣೆ ಯಾವುದು, ಊರು ಯಾವುದು ಎಂದು ನಾನು ಬರೆಯುವುದಿಲ್ಲ. ಮುಂದಿನದನ್ನು ಓದಿದರೆ ಕಾರಣ ತಿಳಿಯುತ್ತದೆ.

ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ಜೀಪು ಬಂತು. ಸಬ್ ಇನ್ಸ್‌ಪೆಕ್ಟರು ನನಗಿಂತ ಹೆಚ್ಚೇನೂ ದೊಡ್ಡವರಲ್ಲ, ಮೂವತ್ತರೊಳಗಿನ ವಯಸ್ಸು. ಜೊತೆಗೆ ಇಬ್ಬರು ಪೇದೆಗಳು. ಇನ್ಸ್‌ಪೆಕ್ಟರು ವಿಮಾನದ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ರೆಕ್ಕೆಯನ್ನು ಕೋಲಿನಿಂದ ತಟ್ಟಿ ನೋಡಿದರು.

“ಬಟ್ಟೆ ಸಾರ್ ಅದು, ಹರಿಯುತ್ತದೆ” ಎಂದೆ.

“ಪೈಲಟ್ ಎಲ್ಲಿ?”

“ನಾನೇ.”

“ನೀವಲ್ಲಮ್ಮ, ಹಾರಿಸಿದವರು.”

“ನಾನೇ ಹಾರಿಸಿದ್ದು.”

ಅಜ್ಜಿ ಹಿಂದಿನಿಂದ, “ಅವಳೇ ಕಣ್ರಿ ಸಾಹೇಬ್ರೆ. ಬ್ಯಾರೆ ಯಾರೂ ಇಳೀಲಿಲ್ಲ ಅದ್ರಾಗಿಂದ” ಎಂದಳು.

ಲೈಸೆನ್ಸ್ ಕೇಳಿದರು. ತೆರೆದು ಅವರ ಕಣ್ಣ ಮುಂದೆ ಹಿಡಿದೆ. ಅವರು ಅದನ್ನು ತೆಗೆದುಕೊಂಡು ಓದಿ, ಶರಟಿನ ಜೇಬಿಗೆ ಇಳಿಸಲು ಹೋದರು.

“ಸಾರ್, ನೋಡಿಕೊಳ್ಳಿ, ಬೇಕಾದ್ದು ಬರೆದುಕೊಳ್ಳಿ. ಅದು ನನ್ನ ಹತ್ತಿರವೇ ಇರಬೇಕು. ನೀವು ಇಟ್ಟುಕೊಳ್ಳುವುದಾದರೆ ಯಾವ ಕಾನೂನಿನಲ್ಲಿ ಅಂತ ಬರೆದುಕೊಡಿ” ಎಂದೆ. ದನಿ ನಡುಗಿತು. ಅದನ್ನು ಮುಚ್ಚಲು ಕೆಮ್ಮಿದೆ.

ಅವರು ನನ್ನ ಮುಖ ನೋಡಿದರು. ಸುತ್ತ ಜನ ಇದ್ದರು. ಲೈಸೆನ್ಸನ್ನು ವಾಪಸು ಕೊಟ್ಟರು, ಆದರೆ ಆ ಕ್ಷಣದಿಂದ ಅವರ ಮುಖ ಗಂಟಿಕ್ಕಿತು.

ನಿಜವಾದ ತೊಂದರೆ ಶುರುವಾದದ್ದು ಭೂಪಟದಿಂದ. ಸೀಟಿನ ಪಕ್ಕ ಮಡಿಸಿಟ್ಟಿದ್ದ ಅದನ್ನು ಪೇದೆಯೊಬ್ಬ ಎಳೆದು ತೆಗೆದ. ಅದರ ಮೇಲೆ ನಾನು ಕೆಂಪು ಪೆನ್ಸಿಲಿನಲ್ಲಿ ದಾರಿ ಎಳೆದಿದ್ದೆ. ಮಾರಿಕಣಿವೆ, ರೈಲುಹಳಿ, ಸೇತುವೆಗಳ ಹತ್ತಿರ ಗುರುತು ಹಾಕಿದ್ದೆ. ಎಪ್ಪತ್ತೊಂದರ ಯುದ್ಧ ಮುಗಿದು ಬಹಳ ಕಾಲವಾಗಿರಲಿಲ್ಲ. ಗುರುತಿಲ್ಲದವರ ಮೇಲೆ ಕಣ್ಣಿಡಿ ಎಂದು ಊರೂರಿಗೆ ಹೇಳಿದ್ದ ಕಾಲ ಇನ್ನೂ ಜನರ ಮನಸ್ಸಿನಲ್ಲಿತ್ತು.

“ಅಣೆಕಟ್ಟಿಗೆ ಯಾಕೆ ಗುರುತು?” ಎಂದರು ಇನ್ಸ್‌ಪೆಕ್ಟರು.

“ಮೇಲಿನಿಂದ ದಾರಿ ತಿಳಿಯುವುದು ಅದರಿಂದಲೇ ಸಾರ್. ಕೆರೆ, ಹಳಿ, ಗುಡ್ಡ. ಬೇರೆ ಕೈಕಂಬ ಇರುವುದಿಲ್ಲ.”

“ಅದೆಲ್ಲ ಠಾಣೇಲಿ ಹೇಳಿ. ಹತ್ತಿ ಜೀಪು.”

ಹೊಲದಲ್ಲಿ ನಿಂತಿದ್ದ ಅಷ್ಟೂ ಜನರಲ್ಲಿ ನನ್ನ ಹೆಸರು ಬಲ್ಲವರು ಒಬ್ಬರೂ ಇರಲಿಲ್ಲ. ಚಿತ್ರದುರ್ಗದಲ್ಲಿ ನನ್ನ ತವರುಮನೆ ಇತ್ತು, ಆದರೆ ಆ ಗಳಿಗೆಯಲ್ಲಿ ಅದು ದೆಹಲಿಯಷ್ಟು ದೂರ. ನಿಧಾನವಾಗಿ ಕೇಳಿದೆ: “ನನ್ನನ್ನು ಅರೆಸ್ಟ್ ಮಾಡುತ್ತಿದ್ದೀರಾ ಸಾರ್? ಹೌದಾದರೆ ಯಾವ ಕಾರಣಕ್ಕೆ ಅಂತ ಹೇಳಿ, ಬರುತ್ತೇನೆ. ಇಲ್ಲವಾದರೆ ನಾನು ವಿಮಾನದ ಹತ್ತಿರ ಇರಬೇಕು. ವಿಮಾನಯಾನ ಇಲಾಖೆಯಿಂದ ಅಪ್ಪಣೆ ಬರುವವರೆಗೆ ಅದನ್ನು ಯಾರೂ ಮುಟ್ಟದ ಹಾಗೆ ನೋಡಿಕೊಳ್ಳುವುದು ನನ್ನ ಜವಾಬ್ದಾರಿ. ಅದಕ್ಕೇ ನಾನೇ ನಿಮಗೆ ಚೀಟಿ ಕಳಿಸಿದ್ದು.”

“ಚೀಟಿ?” ಎಂದು ಅವರು ಪೇದೆಯ ಕಡೆ ತಿರುಗಿದರು. ಚೀಟಿ ಪೇದೆಯ ಜೇಬಿನಲ್ಲೇ ಇತ್ತು. ಹೊಲದಲ್ಲಿ ವಿಮಾನ ಬಿದ್ದಿದೆ ಎಂದಷ್ಟೇ ಅವನು ಸಾಹೇಬರಿಗೆ ಹೇಳಿದ್ದ. ಇನ್ಸ್‌ಪೆಕ್ಟರು ಅದನ್ನು ಓದಿದರು. ಇನ್ನೊಮ್ಮೆ ಓದಿದರು. ಪಾಪ, ಅವರೂ ಇಕ್ಕಟ್ಟಿನಲ್ಲಿದ್ದರು. ಹೊರಡುವಾಗಲೇ ಮೇಲಿನವರು ಫೋನಿನಲ್ಲಿ “ಬಿಡಬೇಡ, ಹಿಡಿದಿಡು” ಎಂದಿದ್ದರಂತೆ. ಹಿಡಿಯಲು ಕಾರಣ ಬೇಕು ಎಂದು ಅವರಿಗೂ ಗೊತ್ತಿತ್ತು.

“ಸರಿ. ತಪಾಸಣೆ ಮಾಡ್ತೀವಿ” ಎಂದರು.

“ವಿಮಾನವನ್ನು ನನ್ನ ಮುಂದೆ ಮಾಡಿ. ನನ್ನದನ್ನು ಹೆಂಗಸರು ಮಾಡಬೇಕು.”

ಆಗ ನಮ್ಮ ಕಡೆಯ ಠಾಣೆಗಳಲ್ಲಿ ಹೆಂಗಸರು ಎಲ್ಲಿದ್ದರು? ಇನ್ಸ್‌ಪೆಕ್ಟರು ಜನರ ಮೇಲೆ ಕಣ್ಣಾಡಿಸಿದರು. ಅಜ್ಜಿ ಕೋಲನ್ನು ನೆಲಕ್ಕೆ ಊರಿ, “ನಾ ಮಾಡ್ತೀನಿ ಬಿಡ್ರಿ. ಎಷ್ಟು ಹೆಣ್ಣುಮಕ್ಕಳ ಹೆರಿಗೆ ಮಾಡಿದ್ ಕೈ ಇದು” ಎಂದಳು. ಜನ ನಕ್ಕರು. ಒಬ್ಬ ಪೇದೆಯೂ ನಕ್ಕ.

ಎರಡು ಕಂಬಳಿಗಳನ್ನು ಮರೆ ಹಿಡಿದು ನಾಲ್ಕು ಹೆಂಗಸರು ನಿಂತರು. ಅಜ್ಜಿ ನನ್ನ ಜೇಬುಗಳಲ್ಲಿ ಕೈ ಹಾಕಿ, ಸಿಕ್ಕಿದ್ದನ್ನೆಲ್ಲ ಊರಿಗೆ ಕೇಳುವಂತೆ ಕೂಗಿ ಹೇಳಿದಳು.

“ಒಂದು ಬಾಚಣಿಕೆ! ಒಂದು ಕರ್ಚೀಪು! ಇದೇನವ್ವ? ಹಾಂ, ಪೆಪ್ಪರಮೆಂಟು! ಇಷ್ಟೇ ಕಣ್ರಿ ಸಾಹೇಬ್ರೆ, ಬಾಂಬು ಗೀಂಬು ಏನೂ ಇಲ್ಲ!”

ಹಾಗೆ ಕೂಗುತ್ತಲೇ ನನ್ನ ಬೆನ್ನಿನ ಮೇಲೆ ಕೈಯಿಟ್ಟು ಮೆಲ್ಲಗೆ, “ಯಾಕಿಂಗ್ ನಡುಗ್ತೀಯ? ಹೆದರಬ್ಯಾಡ, ನಾವು ಇಷ್ಟು ಜನ ಅದೀವಿ” ಎಂದಳು. ಅಷ್ಟು ಹೊತ್ತು ತಡೆದಿದ್ದ ಕಣ್ಣೀರು ಅಲ್ಲಿ ಬಂತು. ಸೆರಗಿನಿಂದ ಅವಳೇ ಒರೆಸಿದಳು. ಕಂಬಳಿಯ ಆಚೆಗಿದ್ದವರಿಗೆ ಅದು ಕಾಣಲಿಲ್ಲ.

ಭೂಪಟವನ್ನು ವಶಕ್ಕೆ ತೆಗೆದುಕೊಳ್ಳುವುದಾಗಿ ಇನ್ಸ್‌ಪೆಕ್ಟರು ಮಹಜರು ಬರೆಸಿದರು. ಅದರಲ್ಲಿ “ಪರವಾನಗಿ ಇಲ್ಲದೆ ಇಳಿದಿದ್ದನ್ನು ಒಪ್ಪಿರುತ್ತೇನೆ” ಎಂಬ ಸಾಲಿತ್ತು. ನಾನು ಸಹಿ ಹಾಕಲಿಲ್ಲ. ಆ ಸಾಲನ್ನು ಹೊಡೆದುಹಾಕಿಸಿ, ಭೂಪಟ ಕೊಟ್ಟಿದ್ದೇನೆ ಎಂಬುದಕ್ಕಷ್ಟೇ ಸಹಿ ಹಾಕಿದೆ. ಸಾಕ್ಷಿಯಾಗಿ ಅಜ್ಜಿಯ ಹೆಬ್ಬೆಟ್ಟು ಬೇಕಾಯಿತು. ಪೇದೆ ಅವಳ ಕೈ ಹಿಡಿದು ಶಾಯಿಗೆ ಒತ್ತಲು ಹೋದ. ಅಜ್ಜಿ ಕೈ ಎಳೆದುಕೊಂಡಳು.

“ತಡೀರಿ. ಆಯಮ್ಮ ಓದ್ಕಂಡು ಹಾಕಿದ್ಲು. ನಂಗೂ ಓದಿ ಹೇಳ್ರಿ, ಆಮ್ಯಾಲೆ ಒತ್ತುತೀನಿ.”

ಪೇದೆ ಸಾಹೇಬರ ಮುಖ ನೋಡಿದ. ಸಾಹೇಬರು ಹೂಂ ಎಂದರು. ಓದಿ ಹೇಳಿದ ಮೇಲೆ ಒತ್ತಿದಳು.

ಕೊನೆಗೆ ಒಂದು ಒಪ್ಪಂದಕ್ಕೆ ಬಂದೆವು. ನನ್ನನ್ನು ಅವರು ಬಂಧಿಸುವುದಿಲ್ಲ. ಆದರೆ ನಾಳೆ ಬೆಳಗ್ಗೆ ನಾನೇ ಅವರ ಜೊತೆ ತಾಲ್ಲೂಕಿನ ಮ್ಯಾಜಿಸ್ಟ್ರೇಟರ ಹತ್ತಿರ ಬಂದು ಇದನ್ನೆಲ್ಲ ಹೇಳುತ್ತೇನೆ. ಅದಕ್ಕೆ ನಾನು ಸಂತೋಷದಿಂದ ಒಪ್ಪಿದೆ. ಅಲ್ಲಿಯವರೆಗೆ ಅಜ್ಜಿಯ ಮನೆಯಲ್ಲಿರುವುದು. ವಿಮಾನಕ್ಕೆ ಪೇದೆಗಳ ಕಾವಲು. ಹೋಗುವಾಗ ಇನ್ಸ್‌ಪೆಕ್ಟರು, “ನೀವು ವಕೀಲರ ಮನೆಯವರಾ?” ಎಂದು ಕೇಳಿದರು. “ಅಲ್ಲ ಸಾರ್, ನಮ್ಮಪ್ಪ ಹತ್ತಿ ವ್ಯಾಪಾರಿ” ಎಂದೆ.

ಸಂಜೆ ಅಜ್ಜಿ ಕುರಿಗಳನ್ನು ಬಲೆ ಕಟ್ಟಿದ ದೊಡ್ಡಿಯೊಳಗೆ ಕೂಡಿ ಬಂದು, ಅಂಗಳದಲ್ಲಿ ಅವರೆಕಾಯಿ ಬಿಡಿಸುತ್ತ ಕೂತಳು. ನಾನೂ ಕೂತು ಬಿಡಿಸಿದೆ. ಬಿಡಿಸುತ್ತಲೇ ಅವಳು ಕೇಳಿದಳು.

“ಮಧ್ಯಾಹ್ನ ಅದೇನೋ ಅಂದ್ಯಲ್ಲವ್ವ. ಹಿಡಿದ್ರೆ ಯಾಕೆ ಹಿಡಿದ್ರಿ ಅಂತ ಹೇಳ್ಬೇಕು ಅಂತ.”

“ಹೌದಜ್ಜಿ. ಹೇಳಬೇಕು. ಹಿಡಿದರೆ ಒಂದು ದಿನದೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು.”

“ಅದು ವಿಮಾನದೋರಿಗಾ, ಎಲ್ರಿಗಾ?”

ಅವರೆಕಾಯಿ ನನ್ನ ಕೈಯಲ್ಲೇ ಉಳಿಯಿತು. “ಎಲ್ಲರಿಗೂ ಅಜ್ಜಿ” ಎಂದೆ.

ಆಗ ತಿಳಿಯಿತು. ಅವಳ ತಮ್ಮನ ಕುರಿಗಳು ಯಾರದೋ ತೆಂಗಿನ ತೋಟಕ್ಕೆ ನುಗ್ಗಿ ಎಳೆ ಸಸಿ ತಿಂದಿದ್ದವು. ತೋಟದವನು ದೂರು ಕೊಟ್ಟ. ಸಂತೆಗೆ ಹೋದ ತಮ್ಮನನ್ನು ಅಲ್ಲಿಂದಲೇ ಇದೇ ಇನ್ಸ್‌ಪೆಕ್ಟರ ಠಾಣೆಗೆ ಕರೆದುಕೊಂಡು ಹೋಗಿದ್ದರು. ಸಂತೆ ಆಗಿ ನಾಲ್ಕಾರು ದಿನ ಕಳೆದಿತ್ತು. ಯಾವ ಕೋರ್ಟೂ ಇಲ್ಲ, ಕಾಗದವೂ ಇಲ್ಲ. ಮನೆಯವರು ದಿನಾ ರೊಟ್ಟಿ ಕಟ್ಟಿಕೊಂಡು ಹೋಗಿ ಕೊಟ್ಟು ಬರುತ್ತಿದ್ದರು.

“ಕೇಳಿದ್ರೆ, ಹೋಗಮ್ಮ ಬಿಡ್ತೀವಿ ಅಂತಾರೆ. ಯಾವಾಗ ಅಂದ್ರೆ ಉಸಿರಿಲ್ಲ” ಎಂದಳು.

ನಾನು ಕಾನೂನನ್ನು ಮತ್ತೆ ವಿವರಿಸಿದೆ. ವಕೀಲರನ್ನು ಹಿಡಿಯಬಹುದು, ಅರ್ಜಿ ಹಾಕಬಹುದು ಎಂದೆ. ಹೇಳುತ್ತಿರುವಾಗಲೇ ನನ್ನ ಮಾತು ನನಗೇ ಹಗುರ ಅನ್ನಿಸಿತು. ನನ್ನ ಮಾತನ್ನು ಆ ಇನ್ಸ್‌ಪೆಕ್ಟರು ಕೇಳಿಸಿಕೊಂಡದ್ದು ಕಾನೂನು ಗೊತ್ತಿದ್ದುದಕ್ಕೋ, ಅಥವಾ ಇಂಗ್ಲಿಷಿನಲ್ಲಿ ಅಚ್ಚಾದ ಲೈಸೆನ್ಸೂ ಬೆಂಗಳೂರಿನ ಕ್ಲಬ್ಬೂ ಬೆನ್ನಿಗಿದ್ದುದಕ್ಕೋ? ಅಜ್ಜಿ ಮಾತ್ರ ತಲೆದೂಗುತ್ತ ಕೇಳಿಸಿಕೊಂಡಳು. ಬಿಡಿಸಿದ ಕಾಳನ್ನು ಮೊರಕ್ಕೆ ಸುರಿದು ಒಳಗೆ ಹೋದಳು. ಆ ಊಟದ ರುಚಿ, ಅವರೆಕಾಳಿನ ಸಾರು, ಬಿಸಿ ಮುದ್ದೆ, ನಾಲಿಗೆ ಇನ್ನೂ ಮರೆತಿಲ್ಲ.

ಬೆಳಗ್ಗೆ ಜೀಪು ಬಂದಾಗ ಅಜ್ಜಿ ಒಗೆದ ಸೀರೆ ಉಟ್ಟು, ಹಣೆಗೆ ವಿಭೂತಿ ಹಚ್ಚಿ ಸಿದ್ಧವಾಗಿ ನಿಂತಿದ್ದಳು.

“ನೀನ್ಯಾಕಜ್ಜಿ?” ಎಂದರು ಇನ್ಸ್‌ಪೆಕ್ಟರು.

“ಸಾಕ್ಷಿ ಅಲ್ವೇನ್ರಿ ನಾನು? ಹೆಬ್ಬೆಟ್ಟು ಒತ್ತಿಸ್ಕಂಡಿದೀರಲ್ಲ” ಎಂದು ಅವಳೇ ಜೀಪಿನ ಹಿಂದೆ ಹತ್ತಿ ನನ್ನ ಪಕ್ಕ ಕೂತಳು. ಇಳಿಸುವುದಕ್ಕೆ ಅವರಿಗೆ ನೆಪ ಸಿಗಲಿಲ್ಲ.

ಮ್ಯಾಜಿಸ್ಟ್ರೇಟರು ನಿವೃತ್ತಿಗೆ ಹತ್ತಿರವಾದವರು, ತೆಳ್ಳಗಿನ ಮನುಷ್ಯ, ಮಾತು ಮೆಲ್ಲಗೆ. ಕಲಾಪ ಶುರುವಾಗುವ ಮುಂಚೆ ನಮ್ಮನ್ನು ಒಳಗೆ ಕರೆಸಿಕೊಂಡರು. ಇನ್ಸ್‌ಪೆಕ್ಟರು ಸೆಲ್ಯೂಟ್ ಹೊಡೆದು ವರದಿ ಒಪ್ಪಿಸಿದರು.

“ಇವರ ಮೇಲೆ ಏನು ಆರೋಪ?”

“ಪರವಾನಗಿ ಇಲ್ಲದೆ ಇಳಿದಿದ್ದಾರೆ ಸ್ವಾಮಿ.”

“ಯಾರ ಪರವಾನಗಿ?”

ಇನ್ಸ್‌ಪೆಕ್ಟರು ತಡವರಿಸಿದರು. “ಠಾಣೆಗೆ ಮುಂಚೆ ತಿಳಿಸಿರಲಿಲ್ಲ ಸ್ವಾಮಿ.”

“ಎಂಜಿನ್ ಕೆಟ್ಟಾಗ ನಿಮಗೊಂದು ಅರ್ಜಿ ಕೊಟ್ಟು, ಅಪ್ಪಣೆ ಆಗೋವರೆಗೆ ಮೇಲೇ ಕಾಯ್ತಾ ಇರಬೇಕಿತ್ತೇನ್ರಿ?” ಮ್ಯಾಜಿಸ್ಟ್ರೇಟರು ಕನ್ನಡಕ ಸರಿಪಡಿಸಿಕೊಂಡರು. “ಇಳಿದದ್ದಕ್ಕೆ ಯಾವ ಸೆಕ್ಷನ್ನು ಹಾಕ್ತೀರಿ, ಹೇಳಿ.”

ಅವರು ನನ್ನ ಲೈಸೆನ್ಸ್ ನೋಡಿದರು, ಚೀಟಿ ಓದಿದರು, ಭೂಪಟ ಬಿಡಿಸಿ ಮೇಜಿನ ಮೇಲೆ ಹರಡಿಕೊಂಡು ಬಹಳ ಆಸೆಯಿಂದ ನೋಡಿದರು. ನಮ್ಮ ಊರು ಎಲ್ಲಿದೆ ಇದರಲ್ಲಿ ಎಂದು ಕೇಳಿದರು. ತೋರಿಸಿದೆ. ಆಮೇಲೆ ಮಡಿಸಿ ನನ್ನ ಕೈಗೆ ಕೊಟ್ಟು, “ದಾರಿ ನೋಡೋ ಪಟ ಇದು, ಇವರ ಹತ್ತಿರವೇ ಇರಲಿ. ಇವರನ್ನ ತಡೆಯೋದಕ್ಕೆ ನನಗೆ ಕಾರಣ ಕಾಣ್ತಿಲ್ಲ. ವಿಮಾನದ ವಿಷಯ ಅವರ ಇಲಾಖೆ ನೋಡ್ಕೊಳ್ಳುತ್ತೆ. ನೀವು ಕಾವಲು ಹಾಕಿದ್ದು ಒಳ್ಳೇದು ಮಾಡಿದ್ರಿ” ಎಂದರು. ಆ ಕೊನೆಯ ಮಾತಿಗೆ ಇನ್ಸ್‌ಪೆಕ್ಟರ ಮುಖ ಸ್ವಲ್ಪ ಸಡಿಲವಾಯಿತು.

ನಾನು ಕೈ ಮುಗಿದು ಹೊರಡಲು ತಿರುಗಿದೆ. ಅಜ್ಜಿ ಕದಲಲಿಲ್ಲ.

“ಬುದ್ಧಿ, ನಂದೊಂದು ಮಾತೈತೆ” ಎಂದಳು.

“ಏನಮ್ಮ?”

“ನನ್ನ ತಮ್ಮ ಠಾಣೆಯಾಗೆ ಅದಾನೆ. ಸಂತೆ ದಿನದಿಂದ ಅದಾನೆ. ಹಿಡಿದೋರ್ನ ಒಂದು ದಿನದೊಳಗೆ ನಿಮ್ಮ ಮುಂದೆ ತಂದು ನಿಲ್ಲಿಸ್ಬೇಕಂತಲ್ಲ. ಅವನ್ನ ತಂದಿದ್ರಾ ಅಂತ ಕೇಳಾಕೆ ಬಂದೆ.”

ಮ್ಯಾಜಿಸ್ಟ್ರೇಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಯಾವ ಕೇಸಿನಲ್ಲಿ?” ಎಂದು ಇನ್ಸ್‌ಪೆಕ್ಟರನ್ನು ಕೇಳಿದರು.

“ವಿಚಾರಣೆಗೆ ಅಂತ ಕರೆಸಿದ್ದು ಸ್ವಾಮಿ. ರಾಜಿ ಆಗುತ್ತೆ ಅಂತ...”

“ಸಂತೆ ದಿನ ಕರೆಸಿದವನು ಇನ್ನೂ ಮನೆಗೆ ಹೋಗಿಲ್ಲ ಅಂದರೆ ಅದು ಕರೆಸಿದ್ದಲ್ಲ.” ದನಿ ಏರಲಿಲ್ಲ. “ಈಗಲೇ ಹೋಗಿ ಕರ್ಕೊಂಡು ಬನ್ನಿ. ಅವನೂ ಬರಲಿ, ಕಾಗದಾನೂ ಬರಲಿ. ನಾನು ಇಲ್ಲೇ ಇರ್ತೀನಿ.”

ಇನ್ಸ್‌ಪೆಕ್ಟರು ಹೊರಗೆ ಹೋದ ಮೇಲೆ ಅವರು ಅಜ್ಜಿಯನ್ನು ಕೇಳಿದರು, “ಒಂದು ದಿನದ ವಿಷಯ ನಿನಗೆ ಯಾರು ಹೇಳಿದ್ದು?”

ಅಜ್ಜಿ ನನ್ನತ್ತ ನೋಡಲೂ ಇಲ್ಲ. “ಎಲ್ರಿಗೂ ಐತಂತಲ್ಲ ಬುದ್ಧಿ, ಯಾರ ಹೇಳಿದ್ರೇನು?” ಎಂದಳು. ಅವರು ಸಣ್ಣಗೆ ನಕ್ಕರು.

ನಾವು ಕೋರ್ಟಿನ ಅಂಗಳದ ಬೇವಿನ ಮರದ ಕೆಳಗೆ ಕಾದೆವು. ಮಧ್ಯಾಹ್ನಕ್ಕೆ ಮೊದಲೇ ಜೀಪು ವಾಪಸು ಬಂತು. ಅದರಿಂದ ಇಳಿದವನು ಐವತ್ತು ದಾಟಿದ ಬಡಕಲು ಮನುಷ್ಯ, ಬಿಳಿ ಗಡ್ಡ ಬೆಳೆದಿತ್ತು. ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ಅಕ್ಕನನ್ನು ಹುಡುಕಿದ. ಅವಳು ಅಳಲಿಲ್ಲ, ಹತ್ತಿರ ಹೋಗಿ ಅವನ ಭುಜದ ಮೇಲಿನ ಧೂಳು ಕೊಡವಿದಳು. “ಉಂಡಿದ್ಯೇನೋ?” ಎಂದು ಕೇಳಿದಳು. ಒಳಗೆ ಹೋಗಿ ಒಂದು ಮುಚ್ಚಳಿಕೆ ಬರೆದುಕೊಟ್ಟು ಅವನು ಬಿಡುಗಡೆಯಾದ. ತೋಟದ ದೂರು ಕ್ರಮವಾಗಿ ನಡೆಯಲಿ ಎಂದರು ಮ್ಯಾಜಿಸ್ಟ್ರೇಟರು.

ಹಿಂತಿರುಗಲು ಬಸ್ಸು ಹಿಡಿದೆವು. ಜೀಪಿನಲ್ಲಿ ಬನ್ನಿ ಎಂದು ಯಾರೂ ಕರೆಯಲಿಲ್ಲ. ನನಗೊಂದು ಅಳುಕು ಹತ್ತಿತ್ತು. ನಾನೇನೋ ಎಂಜಿನ್ ಸರಿಯಾದರೆ ಹಾರಿಹೋಗುತ್ತೇನೆ. ಇವರ ಗತಿ? ಅದನ್ನೇ ಅಜ್ಜಿಗೆ ಹೇಳಿದೆ. “ಅಜ್ಜಿ, ಆಮೇಲೆ ಅವರು ನಿಮ್ಮ ಮೇಲೆ ಹಗೆ ಸಾಧಿಸಿದರೆ?”

ಅವಳು ಕಿಟಕಿಯಾಚೆ ನೋಡುತ್ತಲೇ, “ನಾವೇನು ಅವರ ಊರಾಗೆ ಅದೀವೇನವ್ವ? ಅವರೇ ನಮ್ಮೂರಾಗೆ ಇರೋದು. ವರ್ಗ ಆದ್ರೆ ಗಂಟು ಕಟ್ಕಂಡು ಹೋಗ್ತಾರೆ” ಎಂದಳು. ತಮ್ಮ ಅವಳ ಹೆಗಲಿಗೆ ಒರಗಿ ನಿದ್ದೆ ಹೋಗಿದ್ದ.

ಮಾರನೆಯ ದಿನದ ರೈಲಿನಲ್ಲಿ ನನ್ನ ಗುರುಗಳು ಮೆಕ್ಯಾನಿಕ್ಕನ್ನು ಕರೆದುಕೊಂಡು ಬಂದರು. ಎಣ್ಣೆಯ ಸಣ್ಣ ಕೊಳವೆಯೊಂದು ಸೀಳು ಬಿಟ್ಟಿತ್ತು. ಬದಲಿಸಿದರು. ಇಲಾಖೆಯ ಒಪ್ಪಿಗೆಯೂ ತಂತಿಯಲ್ಲಿ ಬಂದಿತ್ತು. ಗುರುಗಳು ಹೊಲದ ಉದ್ದಕ್ಕೂ ನಡೆದು, ಗಟ್ಟಿ ನೆಲ ಯಾವುದು, ಹೆಂಟೆ ಎಲ್ಲಿದೆ ಎಂದು ತುಳಿದು ನೋಡಿ, “ಒಬ್ಬರೇ ಆದರೆ ಹಗುರ. ನೀನೇ ತಗೊಂಡು ಹೋಗು, ನಾವು ರೈಲಿಗೆ ಬರ್ತೀವಿ” ಎಂದರು. ಊರಿನವರು ಕಲ್ಲು ಆರಿಸಿದರು. ಅಡ್ಡವಾಗಿದ್ದ ಒಂದು ಜಾಲಿಯ ಗಿಡ ಕಡಿದರು.

ಹೊರಡುವ ಹೊತ್ತಿಗೆ ಇನ್ಸ್‌ಪೆಕ್ಟರು ಜೀಪಿನಲ್ಲಿ ಬಂದರು. ನಾನು ಮತ್ತೇನು ಬಂತೋ ಎಂದುಕೊಂಡೆ. ಅವರು ಜನರನ್ನು ದೂರ ಸರಿಸಿ ಸಾಲಾಗಿ ನಿಲ್ಲಿಸಿದರು, ಪೇದೆಗಳನ್ನು ಹೊಲದ ಎರಡೂ ಕಡೆ ನಿಲ್ಲಿಸಿದರು. ಆಮೇಲೆ ನನ್ನ ಹತ್ತಿರ ಬಂದು, ಯಾರಿಗೂ ಕೇಳಿಸದಂತೆ, “ಮೊನ್ನೆ ನೀವು ಕೇಳಿದ್ದಕ್ಕೆ ನನಗೆ ಸಿಟ್ಟು ಬಂದಿತ್ತು ಮೇಡಂ. ನಮಗೆ ಯಾರೂ ಹಂಗೆ ಕೇಳಿ ಅಭ್ಯಾಸ ಇಲ್ಲ” ಎಂದರು. ಕ್ಷಮೆ ಕೇಳಿದರು ಎನ್ನಲಾರೆ. ಅದು ಅವರ ನಿಜದ ಮಾತಾಗಿತ್ತು. “ನನಗೂ ಕೇಳಿ ಅಭ್ಯಾಸ ಇರಲಿಲ್ಲ ಸಾರ್” ಎಂದೆ.

ವಿಮಾನ ಬದುವಿನ ಮೇಲಿಂದ ಎದ್ದಿತು. ಕ್ಲಬ್ಬಿಗೆ ಮರಳಿ ಇಲಾಖೆಗೆ ವಿವರ ಬರೆದುಕೊಟ್ಟೆ. ಅವರು ಎರಡು ಪ್ರಶ್ನೆ ಕೇಳಿ ಮುಗಿಸಿದರು. ಅದಾದ ಮೇಲೂ ಕೆಲವು ವರ್ಷ ಹಾರಿದೆ. ಮದುವೆಯಾಗಿ, ಮಗಳು ಹುಟ್ಟಿದ ಮೇಲೆ ತಾನಾಗಿ ಬಿಟ್ಟುಹೋಯಿತು.

ಮಗಳನ್ನು ಎತ್ತಿಕೊಂಡು ಒಮ್ಮೆ ಆ ಹಳ್ಳಿಗೆ ಹೋಗಿದ್ದೆ. ಚಿತ್ರದುರ್ಗದಿಂದ ಹೊಳಲ್ಕೆರೆಯ ಬಸ್ಸು, ಅಲ್ಲಿಂದ ಇನ್ನೊಂದು. ಅಜ್ಜಿಯ ತಮ್ಮನ ಮೇಲಿನ ದೂರು ಎರಡು ವಾಯಿದೆಗೆ ಮುಗಿದು, ತೋಟದವನೂ ಅವನೂ ಮತ್ತೆ ಮಾತಾಡುತ್ತಿದ್ದರು. ಇನ್ಸ್‌ಪೆಕ್ಟರು ವರ್ಗವಾಗಿ ಕರಾವಳಿಯ ಕಡೆ ಹೋಗಿದ್ದರು. ಅಜ್ಜಿ ಹೇಳಿದ್ದು ಇನ್ನೊಂದು ಸಂಗತಿ. ಪಕ್ಕದ ಹಟ್ಟಿಯ ಹೆಂಗಸೊಬ್ಬಳ ಗಂಡನನ್ನು ಕರೆದುಕೊಂಡು ಹೋದಾಗ, ಆ ಹೆಂಗಸು ರೊಟ್ಟಿ ಕಟ್ಟಿಕೊಂಡು ಠಾಣೆಗೆ ಹೋಗುವ ಬದಲು ಮೊದಲು ಇವಳ ಮನೆಗೆ ಬಂದಿದ್ದಳಂತೆ. ಇಬ್ಬರೂ ಬೆಳಗಿನ ಬಸ್ಸಿಗೆ ಕೋರ್ಟಿಗೆ ಹೋದರಂತೆ.

“ಮ್ಯಾಜಿಸ್ಟ್ರೇಟ್ರು ಬ್ಯಾರೆಯೋರು ಬಂದಿದ್ರು, ಎಳೇ ವಯಸ್ಸು” ಎಂದಳು. “ಅವರಿಗೆ ನನ್ನ ಗುರುತಿಲ್ಲ. ಆದ್ರೂ ಪೊಲೀಸ್ರನ್ನ ಕರೆಸಿ, ಯಾಕೆ ಹಿಡಿದ್ರಿ ಅಂತ ಕೇಳಿದ್ರು.”

ನನ್ನ ಮಗಳು ಅಂಗಳದಲ್ಲಿ ಒಂದು ಕುರಿಮರಿಯ ಕಿವಿ ಹಿಡಿದು ಬಿಡಲೊಲ್ಲೆ ಎನ್ನುತ್ತಿದ್ದಳು. ಅಜ್ಜಿ ಎದ್ದುಹೋಗಿ ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಮರಿಯನ್ನೇ ಅವಳ ಮಡಿಲಿಗೆ ಹಾಕಿ, ಒಲೆಗೆ ಪಾತ್ರೆ ಇಡಲು ಒಳಗೆ ಹೋದಳು.